ಮಗುವಿನ ನರ-ಸ್ನಾಯು ಪರೀಕ್ಷೆ: ನಿಜವನ್ನೇ ಹೇಳಿ



ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯಿಂದ ಮಗುವನ್ನು ನರ-ಸ್ನಾಯು ಪರೀಕ್ಷೆಗೆಂದು ಬೆಂಗಳೂರಿನ ನಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯುದ್ದಕ್ಕೂ "ಏನೂ ನೋವಾಗಲ್ಲ ಕಂದ" ಎನ್ನುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ 2 ಹಂತಗಳಿರುತ್ತವೆ. ಮೊದಲು, ಚರ್ಮದ ಮೇಲಿನಿಂದ ನರಕ್ಕೆ ಕ್ಷಣಮಾತ್ರ ಸಣ್ಣ ಕರೆಂಟು ಕೊಡುತ್ತಾರೆ. ಮೊಣಕೈ ಗೋಡೆಗೆ ತಗುಲಿದಾಗ ಜುಮ್ಮೆನ್ನುವಂತೆ ಅನಿಸುತ್ತದೆ. ನಂತರ ಸ್ನಾಯುವಿಗೆ ತೆಳುವಾದ ಸೂಜಿ ಚುಚ್ಚುತ್ತಾರೆ. ಆ ಸೂಜಿಯಿಂದ ಔಷಧಿಯೂ ಹೋಗುವುದಿಲ್ಲ, ಕರೆಂಟೂ ಹರಿಯುವುದಿಲ್ಲ. ಆದರೂ ನೋವಾಗುತ್ತದೆ.

ನೋವಾಗುವುದಿಲ್ಲವೆಂದು ನಂಬಿ ಬಂದ ಮಗು ಮೊದಲ ಸಲಕ್ಕೇ ಬೆದರಿ ಕೈಕಾಲು ಬಿಗಿಹಿಡಿಯುತ್ತದೆ. ಆಗ ಪರೀಕ್ಷೆ ತಡವಾಗುತ್ತದೆ, ಮತ್ತೆ ಚುಚ್ಚಬೇಕಾಗಲೂಬಹುದು.

ಬದಲಿಗೆ, "ಸ್ವಲ್ಪ ನೋಯುತ್ತೆ ಪುಟ್ಟ, ನಾನು ಪಕ್ಕದಲ್ಲೇ ಇರ್ತೀನಿ" ಎನ್ನಿ. ಅತ್ತರೆ ಗದರಬೇಡಿ. ಇಷ್ಟದ ಆಟಿಕೆ ಜೊತೆಗಿರಲಿ. ಅಂದು ಸ್ನಾನ ಮಾಡಿಸಿ, ಮೈಗೆ ಎಣ್ಣೆ ಹಚ್ಚಬೇಡಿ, ಕೈಕಾಲು ಬೆಚ್ಚಗಿರಲಿ. ಚರ್ಮ ಮರಗಟ್ಟಿಸುವ ಮುಲಾಮು ಹಚ್ಚಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ.

ಸೂಜಿಯ ನೋವು ಒಂದೆರಡು ದಿನದಲ್ಲಿ ಹೋಗುತ್ತದೆ. ನಿಮ್ಮ ಮಾತಿನ ಮೇಲಿನ ನಂಬಿಕೆ ಉಳಿದರೆ, ಮುಂದಿನ ಚಿಕಿತ್ಸೆಗೆ ಮಗು ತಾನಾಗಿಯೇ ನಿಮ್ಮ ಕೈಹಿಡಿದು ಬರುತ್ತದೆ.