ಹಗಲಿನ ಬೆಳಕು ಮತ್ತು ಹೊಸ ಮನೆ



ಹೊಸದಾಗಿ ಮನೆ ಕಟ್ಟಿಸುವವರು ಬೀದಿಯ ಕಡೆಗೆ ದೊಡ್ಡ ಗಾಜಿನ ಕಿಟಕಿಗಳನ್ನಿಡಿಸುತ್ತಾರೆ. ಮನೆಯ ನಡುಭಾಗಕ್ಕಾದರೋ ಹಾಡುಹಗಲಿನಲ್ಲಿಯೂ ದೀಪವೇ ಗತಿ. ಅಡಿಗೆ ಮಾಡುವವರೂ ವೃದ್ಧರೂ ದಿನ ಕಳೆಯುವುದು ಅಲ್ಲಿಯೇ. ಆದುದರಿಂದ ಬೆಳಕು ಮೊದಲು ಅಲ್ಲಿಗೆ ಸಲ್ಲತಕ್ಕದ್ದು.

ಪೂರ್ವಿಕರ ತೊಟ್ಟಿಯ ಮನೆಯು ಇದನ್ನು ಸಾಧಿಸಿತ್ತು. ಇಂದಿನ ಚಿಕ್ಕ ನಿವೇಶನದಲ್ಲಿ ಅಷ್ಟು ಸ್ಥಳವಿಲ್ಲವೆಂಬುದು ನಿಜ. ಆದರೂ ಆಕಾಶಕ್ಕೆ ತೆರೆದ ಸಣ್ಣ ತೊಟ್ಟಿಯೊಂದನ್ನು ಬಿಟ್ಟು, ಅದರ ಗೋಡೆಗಳಿಗೆ ಸುಣ್ಣ ಬಳಿದರೆ, ಬೆಳಕು ಕೆಳಗಿಳಿಯುತ್ತದೆ, ಬಿಸಿಗಾಳಿ ಮೇಲೇರುತ್ತದೆ.

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಧ್ಯಾಹ್ನದ ಸೂರ್ಯನು ಎತ್ತರದಲ್ಲಿರುವುದರಿಂದ ದಕ್ಷಿಣದ ಬಿಸಿಲನ್ನು ಸೂರು ಬಹುಮಟ್ಟಿಗೆ ತಡೆಯುತ್ತದೆ. ಪಡುವಣ ಬಿಸಿಲು ಓರೆಯಾಗಿ ನುಗ್ಗುವುದು; ಅಲ್ಲಿ ಕಿರಿದಾದ ಕಿಟಕಿಯೂ ಮರದ ನೆರಳೂ ಲೇಸು.

ಇನ್ನು ಗೋಡೆಯ ವಿಚಾರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ ಯಂತ್ರದಿಂದ ಒತ್ತಿದ ಇಟ್ಟಿಗೆಯನ್ನು ಪ್ರಚಾರಕ್ಕೆ ತಂದಿತು. ಅದನ್ನು ಸುಡಬೇಕಾಗಿಲ್ಲ, ಸೌದೆಯು ಉಳಿಯುತ್ತದೆ. ಆದರೆ ಮಣ್ಣಿಗೆ ನೀರೇ ಶತ್ರು. ಕೆಳಗೆ ಕಲ್ಲಿನ ತಳಪಾಯವೂ ಮೇಲೆ ಮುಂಚಾಚಿದ ಸೂರೂ ಅವಶ್ಯ.

ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿರಿ: ಈ ಅಡಿಗೆಯ ಮನೆಯಲ್ಲಿ ದೀಪ ಹಚ್ಚದೆ ಅಕ್ಕಿಯನ್ನು ಆರಿಸಬಹುದೆ?