ಗುಜರಿ ಮೈದಾನದ ಮಕ್ಕಳು

ಒಬ್ಬನ ಕೈಯಲ್ಲಿ ಸುತ್ತಿಗೆ, ಇನ್ನೊಬ್ಬಳ ಕೈಯಲ್ಲಿ ಗರಗಸ. ಸುತ್ತಮುತ್ತ ಹಳೇ ಹಲಗೆ, ಇಟ್ಟಿಗೆ, ಹಗ್ಗ. ಜಾರುಬಂಡೆಯೂ ಇಲ್ಲ, ಉಯ್ಯಾಲೆಯೂ ಇಲ್ಲ. ಆದರೂ ಇದು ಮಕ್ಕಳ ಆಟದ ಮೈದಾನ. 1943ರಲ್ಲಿ ಡೆನ್ಮಾರ್ಕ್ ಇನ್ನೂ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗಲೇ ಕೋಪನ್‌ಹೇಗನ್‌ನ ಎಂಡ್ರುಪ್ ಬಡಾವಣೆಯಲ್ಲಿ ಶುರುವಾಯಿತು. ಡೇನಿಷ್ ಭಾಷೆಯಲ್ಲಿ ಅದನ್ನು ಕರೆದದ್ದೇ ಗುಜರಿ ಮೈದಾನ ಅಂತ.

ಇದರ ಹಿಂದಿದ್ದವರು ಉದ್ಯಾನಗಳ ವಿನ್ಯಾಸಕಾರ ಕಾರ್ಲ್ ಥಿಯೊಡೋರ್ ಸೊರೆನ್ಸೆನ್. ತಾವು ಅಚ್ಚುಕಟ್ಟಾಗಿ ರೂಪಿಸಿದ ಮೈದಾನಗಳನ್ನು ಬಿಟ್ಟು ಮಕ್ಕಳು ಕಟ್ಟಡ ಕಾಮಗಾರಿಯ ಜಾಗಕ್ಕೆ ಓಡುವುದನ್ನು ಅವರು ಗಮನಿಸಿದ್ದರು. ಮಕ್ಕಳನ್ನು ಬೈಯದೆ, ತಮ್ಮ ವಿನ್ಯಾಸವನ್ನೇ ಬದಲಿಸಿದರು. ಆ ದೊಡ್ಡತನ ನನಗೆ ತುಂಬಾ ಇಷ್ಟ. ತಾವು ಮಾಡಿದ್ದರಲ್ಲೆಲ್ಲ ನೋಡಲು ಕುರೂಪವಾದದ್ದು ಇದೇ, ತಮಗೆ ಅತಿ ಸುಂದರವಾದದ್ದೂ ಇದೇ ಎಂದು ಅವರು ಮುಂದೆ ಹೇಳಿಕೊಂಡರು. ಮೈದಾನ ನೋಡಿಕೊಳ್ಳಲು ಬಂದ ಜಾನ್ ಬರ್ಟೆಲ್ಸನ್ ಹಿಂದೆ ಹಡಗಿನಲ್ಲಿ ದುಡಿದವರು. ಬೇಕೆಂದಾಗ ಒದಗುವುದು, ಬೇಡವಾದಾಗ ಪಕ್ಕಕ್ಕೆ ಸರಿಯುವುದು ಅವರ ರೀತಿ.

1946ರಲ್ಲಿ ಇಂಗ್ಲೆಂಡಿನ ಮಾರ್ಜರಿ ಅಲೆನ್ ಇದನ್ನು ಕಂಡರು. ಲಂಡನ್‌ನಲ್ಲಿ ಬಾಂಬು ಬಿದ್ದು ಹಾಳಾದ ಜಾಗಗಳಲ್ಲಿ ಮಕ್ಕಳು ಆಗಲೇ ಆಡುತ್ತಿದ್ದರು. ಅಲ್ಲೇ ಇಂಥ ಮೈದಾನ ಯಾಕಾಗಬಾರದು ಎಂದು ಪತ್ರಿಕೆಯಲ್ಲಿ ಬರೆದರು. 1948ರಲ್ಲಿ ಅದೇ ನಗರದ ಕ್ಯಾಂಬರ್‌ವೆಲ್‌ನಲ್ಲಿ ಒಂದು ತೆರೆಯಿತು. ಮುಂದೆ ಗುಜರಿ ಎಂಬ ಹೆಸರು ಹೋಗಿ ಸಾಹಸ ಮೈದಾನವಾಯಿತು. 1979ರಲ್ಲಿ ಟೋಕಿಯೋದ ಹನೆಗಿಯಲ್ಲೂ ಒಂದು ಬಂತು.

ಕೋಪನ್‌ಹೇಗನ್‌ನ ಮೈದಾನ ಶುರುವಾಗಿ ಸುಮಾರು ಅರವತ್ತು ವರ್ಷದ ನಂತರ, 2007ರಲ್ಲಿ, ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಅಪಾಯದ ಸುಳಿವಿರುವ ಇಂಥ ಆಟಗಳನ್ನು ಆರು ಬಗೆಯಾಗಿ ಗುರುತಿಸಿದರು. ಎತ್ತರ ಹತ್ತುವುದು, ಜೋರಾಗಿ ಓಡುವುದು, ಹರಿತ ಹತ್ಯಾರ ಹಿಡಿಯುವುದು, ಬೆಂಕಿ-ನೀರಿನ ಹತ್ತಿರ ಆಡುವುದು, ಕುಸ್ತಿ ಹಿಡಿಯುವುದು, ದೊಡ್ಡವರ ಕಣ್ಣು ತಪ್ಪಿಸಿ ಅಲೆಯುವುದು. ನಾವು ಬೇಡ ಬೇಡ ಅನ್ನುವುದೆಲ್ಲ ಇದರಲ್ಲೇ ಬಂತಲ್ಲವೇ?

ಹೆದರಿಕೆಯನ್ನು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಎದುರಿಸಿದ ಮಗುವಿಗೆ ಮುಂದೆ ಅತಿಯಾದ ಭಯ ಅಂಟಿಕೊಳ್ಳುವುದು ಕಡಿಮೆ ಎಂದು ಸ್ಯಾಂಡ್‌ಸೆಟರ್ ಅವರೂ ಅವರ ಸಹೋದ್ಯೋಗಿಯೂ 2011ರಲ್ಲಿ ವಾದ ಮುಂದಿಟ್ಟರು. ನಮ್ಮ ಮರಕೋತಿ ಆಟವನ್ನೇ ನೆನಪಿಸಿಕೊಳ್ಳಿ. ಕೋಲು ದೂರ ಬಿದ್ದಿದೆ, ಕಳ್ಳ ಅದನ್ನು ತರಲು ಓಡಿದ್ದಾನೆ. ಹುಡುಗಿ ಗಡಿಬಿಡಿಯಲ್ಲಿ ಮರ ಹತ್ತುತ್ತಾಳೆ. ಅಂಗೈ ಬೆವರಿದೆ. ಮೇಲಿನ ಕೊಂಬೆಗೆ ಕಾಲಿಟ್ಟವಳು ಪೂರ್ತಿ ಭಾರ ಬಿಡುವುದಿಲ್ಲ, ಮೊದಲು ಒಮ್ಮೆ ಒತ್ತಿ ನೋಡುತ್ತಾಳೆ. ಕೊಂಬೆ ಬಾಗಿತು. ಕಾಲು ಹಿಂದಕ್ಕೆ ಬಂತು. ಆ ಒಂದು ಗಳಿಗೆಯಲ್ಲಿ ಅವಳು ಮರವನ್ನೂ ಅಳೆದಳು, ತನ್ನ ಮೈಯನ್ನೂ ಅಳೆದಳು. ಕೆಳಗಿನಿಂದ ಅಮ್ಮ "ಇಳಿಯೇ, ಬೀಳ್ತೀಯ!" ಎಂದು ಕೂಗಿದ್ದರೆ, ಅವಳ ಗಮನ ಕೊಂಬೆಯಿಂದ ಅಮ್ಮನ ಕಡೆಗೆ ಹೋಗುತ್ತಿತ್ತು.

ಹಾಗಂತ ಮಕ್ಕಳನ್ನು ದೇವರ ಮೇಲೆ ಭಾರ ಹಾಕಿ ಬಿಡಿ ಅಂತಲ್ಲ. 2024ರಲ್ಲಿ ಕೆನಡಾದ ಮಕ್ಕಳ ವೈದ್ಯರ ಸಂಘ ಇಂಥ ಆಟವನ್ನು ಬೆಂಬಲಿಸುತ್ತಲೇ ಒಂದು ಗೆರೆ ಎಳೆಯಿತು. ಮಗು ತಾನೇ ನೋಡಿ, ತೂಗಿ ತೀರ್ಮಾನಿಸಬಲ್ಲ ಅಪಾಯ ಬೇರೆ. ಅದರ ಅಳವಿಗೆ ಸಿಗದ ಅಪಾಯ ಬೇರೆ. ಹುಳು ತಿಂದು ಒಳಗೇ ಟೊಳ್ಳಾದ ಕೊಂಬೆ, ಹುಲ್ಲಿನಲ್ಲಿ ಮುಚ್ಚಿಹೋದ ಬಾವಿ, ತುಕ್ಕು ಹಿಡಿದ ಮೊಳೆ, ಇವನ್ನು ಮೊದಲೇ ಹುಡುಕಿ ತೆಗೆಯಬೇಕಾದವರು ದೊಡ್ಡವರು. ಮರದ ಮೇಲಿನ ಹುಡುಗಿ ಈಗ ಪಕ್ಕದ ಗಟ್ಟಿ ಕೊಂಬೆಗೆ ಕಾಲು ಚಾಚಿದ್ದಾಳೆ.