ಸಭೆಗೆ ಅನ್ನ ಕೊಟ್ಟ ಹೆಂಚು

ದಾವಣಗೆರೆ, ಹರಿಹರದ ಹಳೆಯ ಮನೆಗಳ ಸೂರಿನಲ್ಲಿ ನೀವು ಮಂಗಳೂರು ಹೆಂಚನ್ನು ನೋಡಿರಬಹುದು. ಅದರ ಹಿಂದೆ ಒಂದು ಕ್ರೈಸ್ತ ಸಭೆಯ ಹೊಟ್ಟೆಪಾಡಿನ ಕತೆಯಿದೆ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಅವರನ್ನು ಕಳಿಸಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು. ಅದರ ಪಾದ್ರಿಗಳಲ್ಲಿ ಬಹಳ ಮಂದಿ ಮಾತ್ರ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ನರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಹೀಗೆ ಹರಿಹರದ ಹೊಳೆಯಾಚೆಯ ಸೀಮೆಯಲ್ಲೂ ಮಿಷನ್ ನೆಲೆಯೂರಿತು.

ದೀಕ್ಷಾಸ್ನಾನವೇನೋ ಒಂದು ಗಳಿಗೆಯ ಕೆಲಸ. ಮರುದಿನದ ಊಟ? ಜಾತಿ ಬಿಟ್ಟವನಿಗೆ ಮನೆಯೂ ಇಲ್ಲ, ಕುಲಕಸುಬೂ ಇಲ್ಲ. 1844ರಲ್ಲಿ ದೀಕ್ಷೆ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ ಪಾದ್ರಿಯಾದರು. ಎಲ್ಲರಿಗೂ ಆ ದಾರಿ ಇರಲಿಲ್ಲವಷ್ಟೆ. ಮಿಷನ್ ಮಗ್ಗ ಹಾಕಿತು. (ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಎನ್ನುವವರಿದ್ದಾರೆ.) 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆದಂಡೆಯ ಜೇಡಿಮಣ್ಣು ನೂರಾರು ಸಂಸಾರಗಳಿಗೆ ಅನ್ನವಾಯಿತು.

ಉಪದೇಶಿಯೂ ಧಣಿಯೂ ಒಂದೇ ಮಿಷನ್ ಆದರೆ ತೊಡಕು ತಪ್ಪದು. ವಾರವೆಲ್ಲ ಕೂಲಿಗೆ ಕೈಯೊಡ್ಡಿದವನು ಭಾನುವಾರ ಪಾದ್ರಿಯೊಡನೆ ವಾದಕ್ಕೆ ನಿಲ್ಲುವುದುಂಟೆ?

1914ರಲ್ಲಿ ಮಹಾಯುದ್ಧ ಶುರುವಾಯಿತು. ಬ್ರಿಟಿಷರ ಕಣ್ಣಿಗೆ ಜರ್ಮನ್ ಪಾದ್ರಿಗಳು ಶತ್ರುಗಳಾದರು. ಕೆಲವರು ಸೆರೆಯಾದರು, ಉಳಿದವರನ್ನು ದೇಶ ಬಿಡಿಸಲಾಯಿತು. ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ, ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಹರಿಹರದವರಿಗೆ ಆ ಕಳವಳವನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಸಭೆ ಚದುರಲಿಲ್ಲ. ಭಾನುವಾರದ ಆರಾಧನೆಯನ್ನು ಊರಿನ ಪಾದ್ರಿಗಳೇ ಕನ್ನಡದಲ್ಲಿ ನಡೆಸಿಕೊಂಡು ಹೋದರು.